ಗುಂಡಿಯಲ್ಲಿ ಟಕ್, ತಿರುವಿನಲ್ಲಿ ಕಿರ್: ಕಾರಿನ ಸಸ್ಪೆನ್ಷನ್ ದೋಷವನ್ನು ಮನೆಯಲ್ಲೇ ಹುಡುಕುವುದು

ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಎಷ್ಟೋ ಕಾರುಗಳಲ್ಲಿ ಒಂದು ಹೊಸ ಶಬ್ದ ಶುರುವಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಡಿಗಳಲ್ಲಿ ನೀರು ನಿಂತು ಆಳವೇ ಗೊತ್ತಾಗುವುದಿಲ್ಲ. ಡಾಂಬರಿನ ಅಂಚು ಕಿತ್ತುಹೋಗಿರುತ್ತದೆ. ಎದುರಿಗೆ ಬಸ್ ಬಂತು ಅಂದರೆ ನಮ್ಮ ಎಡಗಡೆ ಚಕ್ರಗಳು ದಡಕ್ಕನೆ ಕೆಳಗಿಳಿದು ಮತ್ತೆ ಹತ್ತಬೇಕು. ತೋಟದ ಮನೆಯವರಿಗೆ ಇದರ ಮೇಲೆ ಕಲ್ಲು ರಸ್ತೆ ಬೇರೆ. ಹೀಗಾಗಿ ಚಕ್ರಗಳನ್ನು ಕಾರಿನ ಮೈಗೆ ಸೇರಿಸಿ ಕುಲುಕು ತಡೆಯುವ ಸಸ್ಪೆನ್ಷನ್ ಭಾಗಗಳು, ಅದರಲ್ಲೂ ಎಡಗಡೆಯವು, ಇಲ್ಲಿ ಬೇಗ ಸವೆಯುತ್ತವೆ.

ಶಬ್ದ ಕೇಳಿದ ಕೂಡಲೇ ಹೆಚ್ಚಿನವರು 'ಶಾಕ್ ಅಬ್ಸಾರ್ಬರ್ ಹೋಯ್ತು' ಎಂದು ತೀರ್ಮಾನಿಸುತ್ತಾರೆ. ಆದರೆ ಬಹಳ ಸಲ ಹೋಗಿರುವುದು ಬೆರಳು ದಪ್ಪದ ಒಂದು ಲಿಂಕ್ ರಾಡ್, ಇಲ್ಲವೇ ಕಬ್ಬಿಣದ ಭಾಗಗಳ ನಡುವೆ ಕೂರುವ ಒಂದು ರಬ್ಬರ್ ಬುಷ್. ಒಂದು ಜೊತೆ ಶಾಕ್ ಅಬ್ಸಾರ್ಬರ್ ಹಾಕಿಸಿ, ಅಷ್ಟು ದುಡ್ಡು ಕೊಟ್ಟು ಬಂದ ಮೇಲೂ ಅದೇ ಶಬ್ದ ಕೇಳಿದರೆ ಹೊಟ್ಟೆ ಉರಿಯುತ್ತದೆ ಅಲ್ವಾ? ಅದಕ್ಕೇ ನಾನು ಹೇಳುವುದು ಒಂದೇ ಮಾತು. ಯಾವ ಭಾಗ ಸವೆದಿದೆ ಎಂದು ಕಣ್ಣಿಗೆ ಕಾಣಬೇಕು, ಅಥವಾ ಕೈಗೆ ಗೊತ್ತಾಗಬೇಕು. ಅಲ್ಲಿಯವರೆಗೆ ಯಾವ ಭಾಗವನ್ನೂ ಕೊಳ್ಳಬೇಡಿ.

ಇಲ್ಲಿ ಬರೆದಿರುವುದು ಮುಂದಿನ ಚಕ್ರಗಳಿಂದ ಓಡುವ ಸಾಮಾನ್ಯ ಸಣ್ಣ ಕಾರುಗಳ ಬಗ್ಗೆ. ಇವುಗಳಲ್ಲಿ ಮುಂದೆ ಸ್ಪ್ರಿಂಗ್ ಮತ್ತು ಅದರ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್ ಒಟ್ಟಿಗೆ ಕೂತ ಸ್ಟ್ರಟ್ ಇರುತ್ತದೆ. ಹಿಂದೆ ಎರಡು ಚಕ್ರಗಳನ್ನು ಸೇರಿಸುವ ಒಂದು ಆಕ್ಸಲ್ ಇರುತ್ತದೆ. ಪಿಕಪ್, ಹಳೇ ಜೀಪುಗಳ ಪ್ಲೇಟ್ ಸ್ಪ್ರಿಂಗ್ ಲೆಕ್ಕವೇ ಬೇರೆ. ಅವಕ್ಕೆ ಇದು ಹೊಂದುವುದಿಲ್ಲ.

ಎಲ್ಲದಕ್ಕೂ ಮೊದಲು: ಖರ್ಚಿಲ್ಲದ ಪರೀಕ್ಷೆಗಳು

ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿ ಬಿಗಿಯಾಗಿ ಕೂತಿದೆಯೇ, ಜಾಕ್ ತನ್ನ ಜಾಗದಲ್ಲಿದೆಯೇ ನೋಡಿ. ಹಿಂದಿನಿಂದ ಬರುವ ಗಡಗಡ ಶಬ್ದ ಇಷ್ಟಕ್ಕೇ ನಿಂತುಹೋಗುವುದುಂಟು. ಹಿಂದಿನ ಸೀಟಿನ ಬೆನ್ನು ಸರಿಯಾಗಿ ಲಾಕ್ ಆಗಿದೆಯೇ ಎಂದೂ ನೋಡಿ.

ಆಮೇಲೆ ಟೈರಿನ ಗಾಳಿ. ಬೆಳಗ್ಗೆ ಟೈರ್ ತಣ್ಣಗಿರುವಾಗ ಅಳೆಯಿರಿ. ಎಷ್ಟಿರಬೇಕು ಎಂದು ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರ್‌ನಲ್ಲಿ ಬರೆದಿರುತ್ತದೆ. ಅನೇಕ ಸಣ್ಣ ಕಾರುಗಳಿಗೆ ಅದು 30ರಿಂದ 36 ಪಿಎಸ್‌ಐ ಒಳಗೆ ಬರುತ್ತದೆ. ಗಾಳಿ ಜಾಸ್ತಿಯಾದರೆ ಪ್ರತಿ ಸಣ್ಣ ಕಲ್ಲೂ ಸೀಟಿಗೆ ಬಡಿಯುತ್ತದೆ. ಆಗ ಸಸ್ಪೆನ್ಷನ್ ಗಟ್ಟಿಯಾಯಿತು ಅನ್ನಿಸುತ್ತದೆ.

ಮೂರನೆಯದು ಕೆಸರು. ನಮ್ಮ ಕೆಂಪು ಮಣ್ಣು ರಿಮ್‌ನ ಒಳಮೈಗೆ ಅಂಟಿ ಒಣಗಿದರೆ ಚಕ್ರದ ಬ್ಯಾಲೆನ್ಸ್ ತಪ್ಪುತ್ತದೆ. ತೋಟದ ರಸ್ತೆಯಿಂದ ಹೈವೇಗೆ ಬಂದು ಗಂಟೆಗೆ 70-80 ಕಿಲೋಮೀಟರ್ ವೇಗ ಮುಟ್ಟಿದಾಗ ಸ್ಟಿಯರಿಂಗ್ ನಡುಗಿದರೆ ಮೊದಲು ರಿಮ್‌ನ ಒಳಗಡೆ ನೀರು ಹೊಡೆದು ಚೆನ್ನಾಗಿ ತೊಳೆಯಿರಿ. ಚಕ್ರ ತಿರುಗಿದಂತೆಲ್ಲ ಕಿರ್‌ರ್ ಎಂದು ಲೋಹ ಉಜ್ಜುವ ಶಬ್ದ ಬಂದರೆ ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ಜಲ್ಲಿ ರಸ್ತೆಯಲ್ಲಿ ಓಡಿದ ಕಾರುಗಳಲ್ಲಿ ಇದು ಮಾಮೂಲು. ಕಾರನ್ನು ಒಂದೆರಡು ಸಲ ನಿಧಾನಕ್ಕೆ ಹಿಂದೆ ಮುಂದೆ ಮಾಡಿದರೆ ಕಲ್ಲು ಉದುರುವುದುಂಟು.

ತೊಳೆಯುವುದರಿಂದ ಇನ್ನೊಂದು ಲಾಭವಿದೆ. ಕೆಸರು ಮೆತ್ತಿದ ಭಾಗದಲ್ಲಿ ಬಿರುಕು, ಆಯಿಲ್ ಸೋರಿಕೆ ಯಾವುದೂ ಕಾಣುವುದಿಲ್ಲ. ಮುಂದಿನ ಪರೀಕ್ಷೆಗಳನ್ನೆಲ್ಲ ತೊಳೆದು ಒಣಗಿದ ಕಾರಿನ ಮೇಲೆಯೇ ಮಾಡಿ.

ಕಾರು ಎತ್ತುವ ಮುನ್ನ ಇದನ್ನು ಓದಿ

ಕಾರಿನ ಜೊತೆ ಬರುವ ಜಾಕ್ ಇರುವುದು ಚಕ್ರ ಬದಲಿಸಲು ಮಾತ್ರ. ಆ ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ, ಎದೆ, ಕೈ ಯಾವುದನ್ನೂ ಹಾಕಬೇಡಿ. ಸಣ್ಣ ಕಾರೂ ಏಳೆಂಟು ನೂರು ಕಿಲೋ ತೂಗುತ್ತದೆ. ಎತ್ತಿದ ಕಾರಿಗೆ ಆಸರೆ ಕೊಡುವ ಒಂದು ಜೊತೆ ಜಾಕ್ ಸ್ಟ್ಯಾಂಡ್ ಕೊಳ್ಳಿ. ಈ ಕೆಲಸದಲ್ಲಿ ಉಳಿತಾಯ ಮಾಡಬಾರದ ಖರ್ಚು ಅದೊಂದೇ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಇಟ್ಟು ಅವುಗಳ ಮೇಲೆ ಕಾರು ನಿಲ್ಲಿಸಬೇಡಿ. ಅವು ಎಚ್ಚರಿಕೆ ಕೊಡದೆ ಒಡೆಯುತ್ತವೆ.

ಜಾಗ ಸಮತಟ್ಟಾಗಿ, ಗಟ್ಟಿಯಾಗಿ ಇರಬೇಕು. ಮಲೆನಾಡಿನ ಮನೆ ಅಂಗಳ ಮಳೆ ನಿಂತು ವಾರವಾದರೂ ಒಳಗೊಳಗೇ ಮೆತ್ತಗಿರುತ್ತದೆ. ಸ್ಟ್ಯಾಂಡಿನ ಕಾಲು ನಿಧಾನಕ್ಕೆ ಹೂತು ಕಾರು ವಾಲುತ್ತದೆ. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ, ಕೊಯ್ಲಿನ ಕಾಲ ಅಲ್ಲದಿದ್ದರೆ, ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇಳಿಜಾರು ಇಲ್ಲದ ಮೂಲೆ ಆರಿಸಿಕೊಳ್ಳಿ. ಕೆಳಗೆ ಹಳೇ ಟಾರ್ಪಾಲ್ ಹಾಸಿ. ಗ್ರೀಸ್, ಆಯಿಲ್ ಕಣಕ್ಕೆ ಇಳಿದರೆ ಮುಂದಿನ ಬೆಳೆಗೆ ಅದರ ವಾಸನೆ ಹತ್ತಬಹುದು.

ಕಾರನ್ನು ಮೊದಲ ಗೇರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ. ಎತ್ತದ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡಿ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿ, ಸ್ಟ್ಯಾಂಡ್ ಕೊಟ್ಟು, ಬಿಚ್ಚಿದ ಚಕ್ರವನ್ನು ಬಾಗಿಲಿನ ಕೆಳಗಿನ ಚೌಕಟ್ಟಿನ ಅಡಿಗೆ ಮಲಗಿಸಿ. ಏನಾದರೂ ಜಾರಿದರೆ ಕಾರು ಆ ಚಕ್ರದ ಮೇಲೆ ಕೂರುತ್ತದೆ. ಒಬ್ಬರೇ ಇರುವಾಗ ಈ ಕೆಲಸ ಮಾಡಬೇಡಿ. ಕೂಗಿದರೆ ಕೇಳುವಷ್ಟು ಹತ್ತಿರ ಯಾರಾದರೂ ಇರಲಿ.

ಸಣ್ಣ ಗುಂಡಿ, ಜಲ್ಲಿ ರಸ್ತೆಯಲ್ಲಿ ಟಕ್ ಟಕ್ ಟಕ್

ನಮ್ಮ ಕಡೆ ಅತಿ ಹೆಚ್ಚು ಕೇಳುವ ದೂರು ಇದು. ನಿಧಾನಕ್ಕೆ, 20-30ರ ವೇಗದಲ್ಲಿ ಹೋಗುವಾಗ ಮುಂದಿನಿಂದ ಟಕ್ ಟಕ್ ಬರುತ್ತದೆ. ನುಣ್ಣನೆ ರಸ್ತೆಗೆ ಬಂದರೆ ಇಲ್ಲ. ದೊಡ್ಡ ಹಂಪ್‌ ಅನ್ನು ಎರಡೂ ಚಕ್ರ ಒಟ್ಟಿಗೆ ಹತ್ತಿದರೆ ಶಬ್ದ ಕಡಿಮೆ, ಒಂದೇ ಚಕ್ರ ಗುಂಡಿಗೆ ಬಿದ್ದರೆ ಜಾಸ್ತಿ. ಈ ಕೊನೆಯ ವ್ಯತ್ಯಾಸವನ್ನು ಗಮನಿಸಿ. ಅದು ನೇರವಾಗಿ ಸ್ಟೆಬಿಲೈಸರ್ ಬಾರ್ ಕಡೆ ಬೆರಳು ತೋರಿಸುತ್ತದೆ.

ಎಡ ಬಲ ಚಕ್ರಗಳನ್ನು ಜೋಡಿಸುವ ಬಾಗಿದ ಕಬ್ಬಿಣದ ಸರಳು ಇದು. ತಿರುವಿನಲ್ಲಿ ಕಾರು ಜಾಸ್ತಿ ವಾಲದಂತೆ ತಡೆಯುತ್ತದೆ. ಎರಡೂ ಚಕ್ರ ಒಟ್ಟಿಗೆ ಏರಿದರೆ ಇದಕ್ಕೆ ಕೆಲಸವಿಲ್ಲ. ಒಂದು ಏರಿ ಇನ್ನೊಂದು ಇಳಿದಾಗ ಮಾತ್ರ ತಿರುಚಿಕೊಳ್ಳುತ್ತದೆ. ಇದರ ಎರಡು ತುದಿಗಳನ್ನು ಸ್ಟ್ರಟ್‌ಗೆ ಸೇರಿಸುವುದೇ ಲಿಂಕ್ ರಾಡ್. ಅದರ ಎರಡೂ ತುದಿಯಲ್ಲಿ ಪುಟ್ಟ ಬಾಲ್ ಜಾಯಿಂಟ್ ಇದೆ, ಮೇಲೊಂದು ರಬ್ಬರ್ ಟೋಪಿ. ಟೋಪಿ ಹರಿದರೆ ಕೆಸರು ನೀರು ಒಳಗೆ ಹೋಗಿ ಗ್ರೀಸ್ ತೊಳೆದುಹೋಗುತ್ತದೆ. ಆಮೇಲೆ ಗುಂಡು ಒಳಗೆ ಅಲುಗಾಡಲು ಶುರು.

ಪರೀಕ್ಷೆ ಸುಲಭ. ಕಾರು ನೆಲದ ಮೇಲೇ ಇರಲಿ. ಸ್ಟಿಯರಿಂಗ್ ಅನ್ನು ಒಂದು ಕಡೆ ಪೂರ್ತಿ ತಿರುಗಿಸಿ ಎಂಜಿನ್ ಆಫ್ ಮಾಡಿ. ಚಕ್ರದ ಹಿಂದಿನ ಸಂದಿಯಲ್ಲಿ ಕೈ ಹಾಕಿ ಲಿಂಕ್ ರಾಡನ್ನು ಹಿಡಿದು ಜೋರಾಗಿ ಅಲ್ಲಾಡಿಸಿ. ಒಳ್ಳೆಯ ಲಿಂಕ್ ರಾಡ್ ತನ್ನ ಗುಂಡಿನ ಮೇಲೆ ಸ್ವಲ್ಪ ಹೊರಳಬಹುದು, ಆದರೆ ಬಿಗಿಯಾಗಿ ಹೊರಳುತ್ತದೆ, ಶಬ್ದ ಮಾಡುವುದಿಲ್ಲ. ಕೈಯಲ್ಲೇ ಕಟಕಟ ಅಂದರೆ ಅದು ಮುಗಿದಿದೆ. ಬಾರ್ ಅನ್ನು ಚಾಸಿಗೆ (ಕಾರಿನ ಕೆಳಚೌಕಟ್ಟಿಗೆ) ಹಿಡಿದಿರುವ ಎರಡು ರಬ್ಬರ್ ಬುಷ್‌ಗಳನ್ನೂ ನೋಡಿ. ಬಾರ್‌ಗೂ ರಬ್ಬರ್‌ಗೂ ನಡುವೆ ಸಂದಿ ಕಂಡರೆ ಅವನ್ನೂ ಬದಲಿಸಬೇಕು.

ಲಿಂಕ್ ರಾಡ್ ಬದಲಿಸುವುದನ್ನು ಮೊದಲ ಸಲದವರೂ ಮನೆಯಲ್ಲಿ ಮಾಡಬಹುದು. ಹಿಂದಿನ ದಿನ ಸಂಜೆಯೇ ನಟ್ಟುಗಳ ಮೇಲೆ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದು ಬಿಡಿ. ನಮ್ಮ ಹವೆಗೆ ಒಂದು ರಾತ್ರಿ ಬೇಕೇ ಬೇಕು. ಮಾರನೇ ದಿನ ಮುಂದಿನ ಎರಡೂ ಕಡೆ ಎತ್ತಿ ಸ್ಟ್ಯಾಂಡ್ ಕೊಡಿ. ಒಂದೇ ಕಡೆ ಎತ್ತಿದರೆ ಬಾರ್ ತಿರುಚಿಕೊಂಡು ಲಿಂಕ್ ರಾಡ್ ಮೇಲೆ ಎಳೆತ ಬೀಳುತ್ತದೆ, ಬೋಲ್ಟ್ ಹೊರಗೆ ಬರುವುದೇ ಇಲ್ಲ. ನಟ್ಟು ತಿರುಗಿಸುವಾಗ ಒಳಗಿನ ಗುಂಡೂ ಜೊತೆಗೇ ತಿರುಗುತ್ತದೆ. ಅದಕ್ಕೇ ಬೋಲ್ಟಿನ ತುದಿಯಲ್ಲಿ ಅಲೆನ್ ಕೀ ಕೂರುವ ತೂತು ಇರುತ್ತದೆ. ಅಲೆನ್ ಕೀಯಿಂದ ಬೋಲ್ಟ್ ಹಿಡಿದು ಸ್ಪ್ಯಾನರ್‌ನಿಂದ ನಟ್ಟು ತಿರುಗಿಸಿ. ಆ ತೂತಿನಲ್ಲಿ ತುಂಬಿದ ಮಣ್ಣನ್ನು ಮೊಳೆಯಿಂದ ಕೆರೆದು ತೆಗೆದ ಮೇಲೆಯೇ ಕೀ ಹಾಕಿ. ಇಲ್ಲದಿದ್ದರೆ ತೂತು ಸವೆದು ಕೀ ಜಾರುತ್ತದೆ. ಆಗ ಬ್ಲೇಡಿನಿಂದ ಕತ್ತರಿಸದೆ ಬೇರೆ ದಾರಿ ಇಲ್ಲ.

ಹೊಸ ಲಿಂಕ್ ರಾಡನ್ನು ಹಳೆಯದರ ಪಕ್ಕ ಇಟ್ಟು ಉದ್ದ ಹೋಲಿಸಿ. ಎಡ ಬಲ ಬೇರೆ ಬೇರೆ ಇರುವ ಕಾರುಗಳೂ ಇವೆ. ಹೊಸ ನಟ್ಟನ್ನೇ ಹಾಕಿ. ಒಳಗೆ ನೈಲಾನ್ ಬಳೆ ಇರುವ ನಟ್ಟು ಒಂದು ಸಲ ಬಿಚ್ಚಿದ ಮೇಲೆ ಅಷ್ಟೇ ಬಿಗಿಯಾಗಿ ಹಿಡಿಯುವುದಿಲ್ಲ. ಒಂದು ಕಡೆಯದು ಹೋಗಿದ್ದರೂ ಎರಡೂ ಕಡೆ ಬದಲಿಸಿ ಎನ್ನುತ್ತೇನೆ. ಸಸ್ಪೆನ್ಷನ್ ಭಾಗಗಳಲ್ಲಿ ಇದು ಅಗ್ಗದ ಸಾಮಾನು, ಇನ್ನೊಂದೂ ಅದೇ ರಸ್ತೆಯಲ್ಲಿ ಓಡಿದೆ. ಲಿಂಕ್ ರಾಡ್ ಬದಲಿಸಿದ್ದಕ್ಕೆ ಚಕ್ರಗಳ ಕೋನ ಸರಿಮಾಡುವ ವ್ಹೀಲ್ ಅಲೈನ್‌ಮೆಂಟ್ ಬೇಕಾಗಿಲ್ಲ. ಬೇಕು ಎಂದು ಯಾರಾದರೂ ಹೇಳಿದರೆ ಯಾಕೆ ಎಂದು ಕೇಳಿ.

ಲಿಂಕ್ ರಾಡ್ ಗಟ್ಟಿಯಾಗಿದ್ದೂ ಟಕ್ ಟಕ್ ಇದೆಯೇ? ಅದೇ ರಸ್ತೆಯಲ್ಲಿ ಎಡಗಾಲಿನಿಂದ ಅಲ್ಲ, ಎಂದಿನಂತೆ ಬಲಗಾಲಿನಿಂದಲೇ ಬ್ರೇಕ್ ಅನ್ನು ಹಗುರವಾಗಿ ಮುಟ್ಟಿಕೊಂಡು ನಿಧಾನಕ್ಕೆ ಹೋಗಿ ನೋಡಿ. ಬ್ರೇಕ್ ಮುಟ್ಟಿದಾಗ ಮಾತ್ರ ಶಬ್ದ ನಿಂತರೆ ಅಲುಗಾಡುತ್ತಿರುವುದು ಬ್ರೇಕ್ ಪ್ಯಾಡ್ ಅಥವಾ ಅದನ್ನು ಹಿಡಿದಿರುವ ಕ್ಯಾಲಿಪರ್. ಸಸ್ಪೆನ್ಷನ್ ಮುಟ್ಟುವ ಅಗತ್ಯವೇ ಇಲ್ಲ.

ಬ್ರೇಕ್ ಹಿಡಿದಾಗ ಅಥವಾ ಕ್ಲಚ್ ಬಿಟ್ಟಾಗ ಧಡ್

ಒಂದೇ ಸಲ, ದಪ್ಪ ಶಬ್ದ. ನಿಲ್ಲಿಸುವಾಗ ಒಂದು, ಹೊರಡುವಾಗ ಒಂದು. ಕೆಲವೊಮ್ಮೆ ಬ್ರೇಕ್ ಹಿಡಿದ ಕೂಡಲೇ ಕಾರು ಸ್ವಲ್ಪ ಪಕ್ಕಕ್ಕೆ ಎಳೆದಂತೆ ಆಗುತ್ತದೆ. ಇದು ಲೋಯರ್ ಆರ್ಮ್ ಬುಷ್ ಹರಿದ ಲಕ್ಷಣ. ಚಕ್ರವನ್ನು ಚಾಸಿಗೆ ಹಿಡಿದಿರುವ ತೋಳು ಲೋಯರ್ ಆರ್ಮ್. ಬುಷ್ ಹರಿದರೆ ಬ್ರೇಕ್ ಹಿಡಿದಾಗ ಆ ತೋಳೇ ಹಿಂದಕ್ಕೆ ಸರಿಯುತ್ತದೆ, ಬಿಟ್ಟಾಗ ಮುಂದಕ್ಕೆ ಬರುತ್ತದೆ.

ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟಾರ್ಚ್ ಹಿಡಿದು ಆರ್ಮ್‌ನ ಹಿಂದಿನ ದೊಡ್ಡ ಬುಷ್ ನೋಡಿ. ಮೇಲ್ಮೈಯಲ್ಲಿ ಸಣ್ಣ ಗೆರೆಗಳಿದ್ದರೆ ತೊಂದರೆ ಇಲ್ಲ, ವಯಸ್ಸಾದ ರಬ್ಬರ್ ಹಾಗೇ ಇರುತ್ತದೆ. ಉದ್ದನೆಯ ಚಪ್ಪಟೆ ಕಬ್ಬಿಣದಿಂದ ಆರ್ಮ್ ಅನ್ನು ಮೆಲ್ಲಗೆ ಮೀಟಿ. ಬಿರುಕು ಬಾಯಿ ಬಿಟ್ಟು ಆಚೆ ಬದಿ ಕಂಡರೆ, ಅಥವಾ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಯಿಂದ ಬಿಟ್ಟುಬಂದಿದ್ದರೆ ಬದಲಿಸಬೇಕು. ಮೀಟುವಾಗ ಬ್ರೇಕ್ ಪೈಪಿಗೆ, ಸೆನ್ಸರ್ ವೈರಿಗೆ ತಾಗಿಸಬೇಡಿ.

ಬುಷ್ ಮಾತ್ರ ಬದಲಿಸಲು ಪ್ರೆಸ್ ಬೇಕು. ಮನೆಯಲ್ಲಿ ಸುತ್ತಿಗೆಯಿಂದ ಬಡಿದು ಕೂರಿಸಿದರೆ ಆರ್ಮ್ ಸೊಟ್ಟಗಾಗುತ್ತದೆ. ಪೂರ್ತಿ ಆರ್ಮ್ ಬದಲಿಸುವುದಾದರೆ ಅದನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟ್ ಬಿಡಿಸಬೇಕು. ಹತ್ತು ಮಳೆಗಾಲ ಕಂಡ ಕಾರಿನಲ್ಲಿ ಅದನ್ನು ಹಿಡಿದಿರುವ ಬೋಲ್ಟ್ ತುಕ್ಕು ಹಿಡಿದು ಮುರಿಯುವ ಸಾಧ್ಯತೆ ಜಾಸ್ತಿ. ಒಳ್ಳೆಯ ಸಾಮಾನು, ಅನುಭವ ಎರಡೂ ಇಲ್ಲದಿದ್ದರೆ ಇದನ್ನು ಮೆಕ್ಯಾನಿಕ್‌ಗೆ ಬಿಡಿ. ನೀವೇ ದೋಷ ಹುಡುಕಿರುವುದರಿಂದ ಏನು ಮಾಡಬೇಕು ಎಂದು ಅವರಿಗೆ ಖಚಿತವಾಗಿ ಹೇಳಬಹುದು.

ಯಾರೇ ಮಾಡಲಿ, ಒಂದು ವಿಷಯ ನೆನಪಿರಲಿ. ಬುಷ್ ಇರುವ ಬೋಲ್ಟುಗಳನ್ನು ಚಕ್ರ ನೇತಾಡುವಾಗ ಪೂರ್ತಿ ಬಿಗಿ ಮಾಡಬಾರದು. ಈ ರಬ್ಬರ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ನೇತಾಡುವ ಸ್ಥಿತಿಯಲ್ಲಿ ಬಿಗಿ ಮಾಡಿದರೆ ಕಾರು ಇಳಿಸಿದ ಕೂಡಲೇ ಬುಷ್ ತಿರುಚಿದ ಸ್ಥಿತಿಯಲ್ಲೇ ಉಳಿಯುತ್ತದೆ. ಹೊಸ ಬುಷ್ ಒಂದೇ ಮಳೆಗಾಲದಲ್ಲಿ ಹರಿಯುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಸರಿಯಾದ ಕ್ರಮ ಹೀಗೆ: ಬೋಲ್ಟುಗಳನ್ನು ಅರ್ಧ ಬಿಗಿ ಮಾಡಿ, ಚಕ್ರ ಹಾಕಿ, ಕಾರನ್ನು ನಾಲ್ಕೂ ಚಕ್ರಗಳ ಕೆಳಗೆ ದಪ್ಪ ಸಿಲ್ವರ್ ಓಕ್ ಹಲಗೆಗಳನ್ನು ಕೊಟ್ಟು ಇಳಿಸಿ. ಮುಂಭಾಗವನ್ನು ಒಂದೆರಡು ಸಲ ಒತ್ತಿ ಬಿಡಿ. ಈಗ ಕಾರಿನ ಭಾರ ಚಕ್ರಗಳ ಮೇಲಿದೆ. ಪಕ್ಕದಿಂದ ಕೈ ಹಾಕಿ, ಬಿಗಿಯನ್ನು ಅಳೆಯುವ ಟಾರ್ಕ್ ರೆಂಚ್‌ನಿಂದ ಕೊನೆಯ ಬಿಗಿ ಕೊಡಿ. ಎಷ್ಟು ಬಿಗಿ ಎಂಬುದಕ್ಕೆ ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಯನ್ನೇ ನೋಡಿ. ಅಂದಾಜು ಬೇಡ.

ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದರೆ ಟಂಗ್ ಅಥವಾ ಕರಕರ

ಸ್ಟ್ರಟ್‌ನ ತಲೆಯಲ್ಲಿ ಒಂದು ರಬ್ಬರ್ ಮೌಂಟ್, ಅದರ ಕೆಳಗೆ ಒಂದು ಬೇರಿಂಗ್ ಇದೆ. ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಆ ಬೇರಿಂಗ್ ಮೇಲೆ ಸಲೀಸಾಗಿ ತಿರುಗಬೇಕು. ಕೆಸರು, ತುಕ್ಕು ಸೇರಿ ಬೇರಿಂಗ್ ಕಚ್ಚಿಕೊಂಡರೆ ಸ್ಪ್ರಿಂಗ್ ತಿರುಚಿಕೊಳ್ಳುತ್ತದೆ, ಆಮೇಲೆ ಟಂಗ್ ಎಂದು ಬಿಡಿಸಿಕೊಳ್ಳುತ್ತದೆ. ಸ್ಟಿಯರಿಂಗ್ ಭಾರವಾಗುವುದು, ತಿರುವು ಮುಗಿದ ಮೇಲೆ ತಾನಾಗಿ ನೇರವಾಗದಿರುವುದು ಇದರ ಜೊತೆಗಿರುವ ಲಕ್ಷಣಗಳು. ಚಾರ್ಮಾಡಿಯಂಥ ಘಾಟಿಯಲ್ಲಿ ಒಂದರ ಹಿಂದೆ ಒಂದು ಹೇರ್‌ಪಿನ್ ಬರುವಾಗ ಇದು ತೋಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಬಾನೆಟ್ ತೆಗೆದು ಸ್ಟ್ರಟ್‌ನ ತಲೆಯ ಮೇಲೆ ಬೆರಳಿಡಿ. ಇನ್ನೊಬ್ಬರು ನಿಧಾನಕ್ಕೆ ಸ್ಟಿಯರಿಂಗ್ ಎರಡೂ ಕಡೆ ತಿರುಗಿಸಲಿ. ಕೆಟ್ಟಿರುವ ಕಡೆ ಬೆರಳಿಗೆ ಕುಲುಕಾಟ ತಗುಲುತ್ತದೆ. ಸ್ಪ್ರಿಂಗ್‌ನ ಸುತ್ತುಗಳ ನಡುವೆ ಬೆರಳು ತೂರಿಸಬೇಡಿ.

ಮನೆಯ ಕೆಲಸ ಇಲ್ಲಿಗೆ ನಿಲ್ಲಬೇಕು. ಸ್ಟ್ರಟ್ ತಲೆಯ ಸರಿಯಾದ ಮಧ್ಯದಲ್ಲಿ ಒಂದು ದೊಡ್ಡ ನಟ್ಟು ಇರುತ್ತದೆ. ಅದನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಒತ್ತಿಹಿಡಿದ ಸ್ಪ್ರಿಂಗ್‌ ಅನ್ನು ತಡೆದು ನಿಲ್ಲಿಸಿರುವುದು ಆ ನಟ್ಟು. ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಮುಖ, ಕೈ ಮುರಿಯುತ್ತದೆ. ಜೀವವೂ ಹೋಗಬಹುದು. ಮೌಂಟ್, ಬೇರಿಂಗ್, ಸ್ಪ್ರಿಂಗ್, ಮುಂದಿನ ಶಾಕ್ ಅಬ್ಸಾರ್ಬರ್ ಯಾವುದನ್ನು ಬದಲಿಸುವುದಿದ್ದರೂ ಸ್ಪ್ರಿಂಗ್ ಕಂಪ್ರೆಸರ್ ಬೇಕು, ಅದನ್ನು ಬಳಸಿ ಪಳಗಿದ ಕೈ ಬೇಕು. ಹಗ್ಗ, ತಂತಿ, ಸರಪಳಿ ಕಟ್ಟಿ ಮಾಡುವ ಜುಗಾಡ್ ಬೇಡವೇ ಬೇಡ.

ಇದರ ಜೊತೆ ಗೊಂದಲವಾಗುವ ಶಬ್ದ ಇನ್ನೊಂದಿದೆ. ಕಾರು ಓಡುತ್ತಿರುವಾಗ, ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟರೆ ಮಾತ್ರ ಕಟ್ ಕಟ್ ಕಟ್ ಎಂದು ಲಯದಲ್ಲಿ ಬರುವುದು ಎಂಜಿನ್ ಶಕ್ತಿಯನ್ನು ಮುಂದಿನ ಚಕ್ರಕ್ಕೆ ಒಯ್ಯುವ ಆಕ್ಸಲ್‌ನ ಹೊರ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಚಕ್ರದ ಒಳಮೈಗೆಲ್ಲ ಗ್ರೀಸ್ ಎರಚಿರುತ್ತದೆ. ಬೂಟ್ ಹರಿದಿದ್ದು ಬೇಗ ಕಣ್ಣಿಗೆ ಬಿದ್ದರೆ ಬೂಟ್ ಬದಲಿಸಿ, ಹೊಸ ಗ್ರೀಸ್ ತುಂಬಿ ಜಾಯಿಂಟ್ ಉಳಿಸಿಕೊಳ್ಳಬಹುದು. ಶಬ್ದ ಶುರುವಾದ ಮೇಲೆ ಜಾಯಿಂಟೇ ಹೋಯಿತು ಎಂದು ಲೆಕ್ಕ.

ಹಂಪ್ ದಾಟಿದ ಮೇಲೂ ಕಾರು ತೇಲಾಡುವುದು

ಈಗ ಬಂತು ಶಾಕ್ ಅಬ್ಸಾರ್ಬರ್ ಸರದಿ. ಕೆಟ್ಟ ಶಾಕ್ ಅಬ್ಸಾರ್ಬರ್ ಹೆಚ್ಚಾಗಿ ಟಕ್ ಟಕ್ ಅನ್ನುವುದಿಲ್ಲ. ಕಾರು ಅಲೆಯ ಮೇಲಿನ ದೋಣಿ ಹಾಗೆ ಏರಿಳಿಯುತ್ತದೆ. ಬ್ರೇಕ್ ಹಿಡಿದರೆ ಮೂಗು ಮುಗ್ಗರಿಸುತ್ತದೆ. ಒರಟು ತಿರುವಿನಲ್ಲಿ ಹಿಂಭಾಗ ಹಾರಿ ಪಕ್ಕಕ್ಕೆ ಜಾರಿದಂತೆ ಅನ್ನಿಸುತ್ತದೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ವಾಂತಿ ಬರುತ್ತದೆ.

ಕಾರಿನ ಒಂದು ಮೂಲೆಯನ್ನು ಮೈಭಾರ ಹಾಕಿ ಮೂರು ಸಲ ಒತ್ತಿ, ಕೆಳಗಿರುವಾಗ ಕೈ ಬಿಡಿ. ಮೇಲೆ ಬಂದು, ಸ್ವಲ್ಪ ಇಳಿದು ನಿಂತರೆ ಸರಿ. ಮತ್ತೆ ಮತ್ತೆ ಕುಣಿದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಆದರೆ ಈ ಪರೀಕ್ಷೆ ಪೂರ್ತಿ ಸೋತದ್ದನ್ನು ಮಾತ್ರ ತೋರಿಸುತ್ತದೆ. ಅರ್ಧ ಸೋತದ್ದು ಇದರಲ್ಲಿ ಪಾಸಾಗಿಬಿಡುತ್ತದೆ. ಅದಕ್ಕೇ ಶಾಕ್ ಅಬ್ಸಾರ್ಬರ್‌ನ ಮೈಯನ್ನೂ ನೋಡಬೇಕು. ಮೇಲೆ ತೆಳ್ಳಗೆ ಎಣ್ಣೆಯ ಪಸೆ, ಅದಕ್ಕೆ ಧೂಳು ಅಂಟಿದ್ದರೆ ಗಾಬರಿ ಬೇಡ. ಒದ್ದೆಯಾಗಿ, ಕೆಳಗಿನವರೆಗೆ ಎಣ್ಣೆ ಇಳಿದಿದ್ದರೆ ಸೀಲ್ ಹೋಗಿದೆ. ಮಳೆಗಾಲದಲ್ಲಿ ನೀರೋ ಎಣ್ಣೆಯೋ ಗೊತ್ತಾಗದಿದ್ದರೆ ಚೆನ್ನಾಗಿ ಒರೆಸಿ, ಕೆಲವು ದಿನ ಓಡಿಸಿ ಮತ್ತೆ ನೋಡಿ. ಟೈರ್ ಮೇಲೆ ಅಂಗೈ ಆಡಿಸಿ. ಅಲ್ಲಲ್ಲಿ ತಗ್ಗು ದಿಬ್ಬ ಕೈಗೆ ಸಿಕ್ಕರೆ ಚಕ್ರ ರಸ್ತೆಯ ಮೇಲೆ ಕುಣಿದಿದೆ ಎಂದು ಅರ್ಥ.

ಮುಂದಿನ ಚಕ್ರಗಳ ಶಾಕ್ ಅಬ್ಸಾರ್ಬರ್ ಬದಲಿಸುವುದು ಗ್ಯಾರೇಜ್ ಕೆಲಸ. ಹಿಂದಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗ್‌ನಿಂದ ಬೇರೆಯಾಗಿ ನಿಂತಿರುವ ಕಾರಾದರೆ ಮನೆಯಲ್ಲೇ ಬದಲಿಸಬಹುದು. ಎಚ್ಚರಿಕೆ ಒಂದೇ. ಆಕ್ಸಲ್ ಜಾಸ್ತಿ ಕೆಳಗಿಳಿಯದಂತೆ ತಡೆಯುವುದೇ ಆ ಶಾಕ್ ಅಬ್ಸಾರ್ಬರ್. ಕಾರು ಸ್ಟ್ಯಾಂಡ್ ಮೇಲಿರುವಾಗ ಆಕ್ಸಲ್ ಕೆಳಗೆ ಬೇರೆ ಜಾಕ್ ಕೊಟ್ಟು ಅದರ ಭಾರ ಹಿಡಿದ ಮೇಲೆಯೇ ಬೋಲ್ಟ್ ಬಿಚ್ಚಿ. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆಗೆ ಹೋಗಿ. ಇಲ್ಲದಿದ್ದರೆ ಆಕ್ಸಲ್ ಕುಸಿದು ಸ್ಪ್ರಿಂಗ್ ಹೊರಗೆ ಬೀಳುತ್ತದೆ, ಬ್ರೇಕ್ ಪೈಪ್ ಎಳೆದುಹೋಗುತ್ತದೆ. ಶಾಕ್ ಅಬ್ಸಾರ್ಬರ್ ಯಾವತ್ತೂ ಜೋಡಿಯಾಗಿ ಬದಲಿಸಿ. ಒಂದು ಹೊಸದು ಒಂದು ಹಳೆಯದಾದರೆ ತಿರುವಿನಲ್ಲಿ ಎಡಕ್ಕೊಂದು ನಡತೆ, ಬಲಕ್ಕೊಂದು ನಡತೆ ಆಗುತ್ತದೆ. ಕೆಳಗಿನ ಬುಷ್‌ನ ಬೋಲ್ಟಿಗೂ ಮೊದಲು ಹೇಳಿದ ಮಾತೇ: ಕೊನೆಯ ಬಿಗಿ ಕಾರು ಚಕ್ರಗಳ ಮೇಲೆ ನಿಂತ ಮೇಲೆ.

ಒಂದು ಮೂಲೆ ಕೆಳಗಿಳಿದಿದೆ

ಸಮ ನೆಲದಲ್ಲಿ ನಿಲ್ಲಿಸಿ, ಟೇಪ್ ಹಿಡಿದು ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಎಡ ಬಲ ಅಳೆದು ಹೋಲಿಸಿ. ಕಣ್ಣಿಗೇ ಕಾಣುವ ವ್ಯತ್ಯಾಸವಿದ್ದರೆ ಸ್ಪ್ರಿಂಗ್ ಮುರಿದಿರಬಹುದು. ಸಾಮಾನ್ಯವಾಗಿ ಮುರಿಯುವುದು ಕೆಳಗಿನ ಕೊನೆಯ ಸುತ್ತು, ಕೆಸರು ಕೂತು ತುಕ್ಕು ಹಿಡಿಯುವ ಜಾಗದಲ್ಲಿ. ಟಾರ್ಚ್ ಹಾಕಿ ಸ್ಪ್ರಿಂಗ್‌ನ ತುದಿ ಹುಡುಕಿ. ಕಾರ್ಖಾನೆಯಲ್ಲಿ ಕತ್ತರಿಸಿದ ತುದಿ ನೀಟಾಗಿ, ಬಣ್ಣ ಹಚ್ಚಿಕೊಂಡು ಇರುತ್ತದೆ. ಮುರಿದ ತುದಿ ಒರಟಾಗಿ ತುಕ್ಕಿನ ಬಣ್ಣದಲ್ಲಿರುತ್ತದೆ.

ಮುರಿದ ಸ್ಪ್ರಿಂಗ್ ಇಟ್ಟುಕೊಂಡು ಓಡಿಸಬೇಡಿ. ತುಂಡು ಜಾರಿ ಟೈರಿಗೆ ಚುಚ್ಚಬಹುದು. ಶಿರಾಡಿ ಇಳಿಯುವಾಗ ಮುಂದಿನ ಟೈರ್ ಸಿಡಿಯುವುದನ್ನು ಯೋಚಿಸಿದರೇ ಸಾಕು.

ಚಕ್ರವೇ ಅಲುಗಾಡುತ್ತಿದೆ

ಸ್ಟಿಯರಿಂಗ್ ಸಡಿಲವಾಗಿದೆ, ನೇರ ರಸ್ತೆಯಲ್ಲೂ ಕಾರು ಅತ್ತಿತ್ತ ಅಲೆಯುತ್ತದೆ ಅಂದರೆ ಈ ಪರೀಕ್ಷೆಯನ್ನು ಮುಂದೂಡಬೇಡಿ. ಚಕ್ರವನ್ನು ನೆಲದಿಂದ ಎತ್ತಿ ಸ್ಟ್ಯಾಂಡ್ ಕೊಡಿ. ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಒಂದು ಕೈಯಿಂದ ತಳ್ಳಿ, ಇನ್ನೊಂದರಿಂದ ಎಳೆಯಿರಿ. ಇಲ್ಲಿ ಪ್ಲೇ, ಅಂದರೆ ಸಡಿಲ ಅಲುಗಾಟ, ಇದ್ದರೆ ಚಕ್ರ ತಿರುಗಿಸುವ ಸರಳಿನ ತುದಿಯಾದ ಟೈ ರಾಡ್ ಎಂಡ್ ಅಥವಾ ಸ್ಟಿಯರಿಂಗ್ ರ‍್ಯಾಕಿನ ಒಳ ಜಾಯಿಂಟ್ ಸವೆದಿದೆ. ಆಮೇಲೆ 12 ಮತ್ತು 6ರಲ್ಲಿ ಹಿಡಿದು ಅಲ್ಲಾಡಿಸಿ. ಇಲ್ಲಿ ಪ್ಲೇ ಇದ್ದರೆ ಬಾಲ್ ಜಾಯಿಂಟ್ ಅಥವಾ ವ್ಹೀಲ್ ಬೇರಿಂಗ್. ಎರಡರಲ್ಲಿ ಯಾವುದು ಎಂದು ತಿಳಿಯಲು ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಅಲುಗಾಟ ನಿಂತರೆ ಬೇರಿಂಗ್. ನಿಲ್ಲದಿದ್ದರೆ ಬಾಲ್ ಜಾಯಿಂಟ್ ಎಂದು ಅನುಮಾನಿಸಿ. ಬೇರಿಂಗ್ ಆದರೆ ಓಡುವಾಗ ಗುಂಯ್ ಶಬ್ದವೂ ಇರುತ್ತದೆ. ವೇಗದ ಜೊತೆ ಏರುತ್ತದೆ, ಬಲಕ್ಕೆ ತಿರುಗಿದಾಗ ಜಾಸ್ತಿಯಾದರೆ ಹೆಚ್ಚಾಗಿ ಎಡಗಡೆಯದು.

ಬಾಲ್ ಜಾಯಿಂಟ್ ಪ್ಲೇ ಕಂಡರೆ ಕಾರನ್ನು ಅಲ್ಲೇ ನಿಲ್ಲಿಸಿ. ಅದು ಕಳಚಿದರೆ ಚಕ್ರ ಹೊರಕ್ಕೆ ಮಡಚಿಕೊಂಡು ಸ್ಟಿಯರಿಂಗ್ ಕೈಗೆ ಸಿಗುವುದಿಲ್ಲ. 'ಹಾಸನದವರೆಗೆ ನಿಧಾನಕ್ಕೆ ಹೋಗಿ ಮಾಡಿಸುತ್ತೇನೆ' ಅನ್ನಬೇಡಿ. ಮೆಕ್ಯಾನಿಕ್‌ರನ್ನೇ ಮನೆಗೆ ಕರೆಸಿ, ಅಥವಾ ಕಾರನ್ನು ಹೇರಿಕೊಂಡು ಹೋಗುವ ಗಾಡಿ ತರಿಸಿ.

ಟೈ ರಾಡ್ ಎಂಡ್ ಅನ್ನು ಅನುಭವ ಇದ್ದವರು ಮನೆಯಲ್ಲಿ ಬದಲಿಸುತ್ತಾರೆ. ಹಳೆಯದನ್ನು ಎಷ್ಟು ಸುತ್ತು ತಿರುಗಿಸಿ ತೆಗೆದಿರೋ ಹೊಸದನ್ನೂ ಅಷ್ಟೇ ಸುತ್ತು ಹಾಕಬೇಕು. ನಟ್ಟು ಸಡಿಲವಾಗದಂತೆ ತಡೆಯುವ ಕಾಟರ್ ಪಿನ್ ಇರುವ ಕಡೆ ಹೊಸ ಪಿನ್ ಹಾಕಬೇಕು. ಆದರೂ ಅದು ಅಂದಾಜು ಮಾತ್ರ. ಅಲ್ಲಿಂದ ನೇರವಾಗಿ ನಿಧಾನಕ್ಕೆ ಅಲೈನ್‌ಮೆಂಟ್ ಅಂಗಡಿಗೆ ಹೋಗಬೇಕು.

ಬಿಸಿಲಲ್ಲಿ ಕಿರ್ ಕಿರ್, ಮಳೆಯಲ್ಲಿ ಮೌನ

ಒಣಗಿದ ರಬ್ಬರ್ ಬುಷ್ ಹೀಗೆ ಮಾಡುತ್ತದೆ. ಒಂದೊಂದೇ ಬುಷ್ ಮೇಲೆ ನೀರು ಚಿಮುಕಿಸಿ ಕಾರನ್ನು ಒತ್ತಿ ನೋಡಿ. ಯಾವುದಕ್ಕೆ ನೀರು ಹಾಕಿದಾಗ ಶಬ್ದ ನಿಂತಿತೋ ಅದೇ ಮೂಲ. ರಬ್ಬರ್ ಹರಿದಿಲ್ಲದಿದ್ದರೆ ಸಿಲಿಕೋನ್ ಸ್ಪ್ರೇ ಸಾಕು.

ಗ್ರೀಸ್, ಎಂಜಿನ್ ಆಯಿಲ್, ಡೀಸೆಲ್ ಹಾಕಬೇಡಿ. ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯದಿರಲಿ ಎಂದು ಕಾರಿನ ಕೆಳಗೆಲ್ಲ ಡೀಸೆಲ್ ಅಥವಾ ಹಳೇ ಎಂಜಿನ್ ಆಯಿಲ್ ಹೊಡೆಸುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ. ಇದರ ಬಗ್ಗೆ ನನಗೆ ನಿಜವಾಗಿಯೂ ಕಳವಳವಿದೆ. ಪೆಟ್ರೋಲಿಯಂ ಎಣ್ಣೆ ತಾಗಿದರೆ ಬುಷ್‌ನ ರಬ್ಬರ್ ಊದಿ ಮೆತ್ತಗಾಗುತ್ತದೆ. ತಗಡು ಉಳಿಸಲು ಹೋಗಿ ಬುಷ್‌ಗಳನ್ನೆಲ್ಲ ಕಳೆದುಕೊಂಡಂತೆ ಆಗುತ್ತದೆ. ಅದು ಬ್ರೇಕ್ ಪ್ಯಾಡಿಗೆ ಸಿಡಿದರೆ ಇನ್ನೂ ಅಪಾಯ. ತುಕ್ಕಿನ ಚಿಂತೆ ಇದ್ದರೆ ರಬ್ಬರ್, ಬ್ರೇಕ್ ಭಾಗಗಳನ್ನು ಮುಚ್ಚಿ ಹೊಡೆಯುವ ಅಂಡರ್‌ಬಾಡಿ ಕೋಟಿಂಗ್ ಮಾಡಿಸಿ.

ಕಾರು ಒಂದು ಕಡೆ ಎಳೆಯುವುದು, ಟೈರ್ ಒಂದೇ ಅಂಚು ಸವೆಯುವುದು

ಮೊದಲು ಗಾಳಿ ಸಮ ಮಾಡಿ. ಆಮೇಲೆ ಮುಂದಿನ ಎರಡು ಚಕ್ರಗಳನ್ನು ಎಡ ಬಲ ಅದಲು ಬದಲು ಮಾಡಿ. ಟೈರ್ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಮಾತ್ರ ಹೀಗೆ ಮಾಡಬೇಡಿ. ಎಳೆತವೂ ದಿಕ್ಕು ಬದಲಿಸಿದರೆ ದೋಷ ಟೈರಿನದು. ಬದಲಿಸದಿದ್ದರೆ ಅಲೈನ್‌ಮೆಂಟ್ ನೋಡಿಸಿ. ಟೈರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದು, ನಡುಭಾಗ ಸವೆದಿದ್ದರೆ ಜಾಸ್ತಿ ಇಟ್ಟದ್ದು. ಒಳ ಅಂಚು ಮಾತ್ರ ಹೋಗಿದ್ದರೆ ಚಕ್ರದ ಕೋನ ತಪ್ಪಿದೆ.

ಸವೆದ ಬುಷ್, ಜಾಯಿಂಟ್ ಹಾಗೇ ಬಿಟ್ಟು ಅಲೈನ್‌ಮೆಂಟ್ ಮಾಡಿಸಿದರೆ ದುಡ್ಡು ಸುಮ್ನೆ ಹೋಗುತ್ತದೆ. ಮೊದಲ ಗುಂಡಿಗೇ ಅದು ಮತ್ತೆ ತಪ್ಪುತ್ತದೆ. ಲೋಯರ್ ಆರ್ಮ್, ಸ್ಟ್ರಟ್, ಟೈ ರಾಡ್ ಎಂಡ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಬೇಕೇ ಬೇಕು.

ಚಕ್ರ ಮತ್ತೆ ಹಾಕಿದ ಮೇಲೆ

ನಟ್ಟುಗಳನ್ನು ಎದುರು ಬದುರಾಗಿ, ಒಂದಾದ ಮೇಲೆ ಒಂದರಂತೆ ಬಿಗಿ ಮಾಡಿ. ಕೊನೆಯ ಬಿಗಿ ಕಾರು ನೆಲಕ್ಕಿಳಿದ ಮೇಲೆ. ಸಣ್ಣ ಕಾರುಗಳಿಗೆ ಇದು ಹೆಚ್ಚಾಗಿ 85ರಿಂದ 110 ನ್ಯೂಟನ್ ಮೀಟರ್ ಒಳಗೆ ಇರುತ್ತದೆ. ನಿಮ್ಮ ಕಾರಿನ ಅಂಕಿ ಕೈಪಿಡಿಯಲ್ಲಿರುತ್ತದೆ. ಕ್ಯಾಲಿಪರ್ ಬಿಚ್ಚಿದ್ದರೆ ಹೊರಡುವ ಮೊದಲು ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಮೊದಲ ಓಡಾಟ ಮನೆ ಹತ್ತಿರದ ಸಮ ರಸ್ತೆಯಲ್ಲಿ, ಕಿಟಕಿ ಇಳಿಸಿ, ರೇಡಿಯೋ ಆಫ್ ಮಾಡಿ. ಯಾವ ರಸ್ತೆಯಲ್ಲಿ ಶಬ್ದ ಬರುತ್ತಿತ್ತೋ ಅದೇ ರಸ್ತೆಗೆ, ಅದೇ ವೇಗದಲ್ಲಿ ಹೋಗಿ ಕೇಳಿ. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳನ್ನೂ ನೀವು ಮುಟ್ಟಿದ ಪ್ರತಿ ಬೋಲ್ಟನ್ನೂ ಇನ್ನೊಮ್ಮೆ ರೆಂಚ್ ಹಾಕಿ ನೋಡಿ. ಆಮೇಲೆ ಘಾಟಿಗೆ ಹೊರಡಿ.